ಬಿಚ್ಚಿಟ್ಟ ಬುಲೆಟ್ ಮತ್ತೆ ಎದ್ದು ನಿಲ್ಲಬೇಕಾದರೆ

ಪ್ರಶ್ನೆ: ನನ್ನ ಬಳಿ 1994ರ ಬುಲೆಟ್ 350 ಇದೆ. ಸ್ಕ್ರ್ಯಾಂಬ್ಲರ್ (ಕಚ್ಚಾ ರಸ್ತೆಗೂ ಒಗ್ಗುವ ಗಾಡಿ) ರೂಪಕ್ಕೆ ತರಬೇಕೆಂದು ಎರಡು ವರ್ಷಗಳ ಹಿಂದೆ ಬಸವೇಶ್ವರನಗರದ ನಮ್ಮ ಮನೆಯ ಪೋರ್ಟಿಕೊದಲ್ಲೇ ಬಿಚ್ಚಿದೆ. ಚಾಸಿಗೆ ಪೌಡರ್ ಕೋಟಿಂಗ್ (ಪುಡಿ ಬಣ್ಣ ಹಚ್ಚಿ ಕಾಯಿಸುವುದು) ಆಗಿದೆ, ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ಲೇತ್ ಅಂಗಡಿಯಲ್ಲಿದೆ, ಉಳಿದದ್ದೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿದೆ. ಮೊದಲ ಕೆಲವು ತಿಂಗಳು ಊಟ, ನಿದ್ದೆ ಮರೆತು ದುಡಿದೆ. ಈಗ ಭಾನುವಾರ ಟಾರ್ಪಾಲಿನ್ ಸರಿಸಿ ನೋಡುತ್ತೇನೆ, ಸ್ವಲ್ಪ ಹೊತ್ತು ನಿಂತು ಮತ್ತೆ ಮುಚ್ಚಿ ಒಳಗೆ ಬರುತ್ತೇನೆ. ಹ್ಯಾಂಡಲ್ ಯಾವುದು, ಸೈಲೆನ್ಸರ್ ಯಾವುದು ಎಂದು ಇನ್ನೂ ನೋಡುತ್ತಿದ್ದೇನೆ. ಟ್ಯಾಂಕ್ ಹಳೆಯದೇ ಇರಲಿ ಅನ್ನಿಸುತ್ತದೆ, ಮರುದಿನ ಬೇಡ ಅನ್ನಿಸುತ್ತದೆ. ಮನೆಯಲ್ಲಿ ಜಾಗ ಖಾಲಿ ಮಾಡಿ ಎನ್ನುತ್ತಿದ್ದಾರೆ. ನನಗೆ ಶಿಸ್ತಿಲ್ಲವೇ? ಉತ್ಸಾಹ ಮರಳಿ ಬರುವುದು ಹೇಗೆ? ಅಥವಾ ಮಾರಿಬಿಡಲೇ?

ಉತ್ತರ: ಶಿಸ್ತಿಲ್ಲದವರು ಎರಡು ವರ್ಷದ ಮೇಲೂ ಭಾನುವಾರ ಟಾರ್ಪಾಲಿನ್ ಸರಿಸಿ ನೋಡುವುದಿಲ್ಲ. ನಿಮ್ಮ ಆಸೆ ಇನ್ನೂ ಆರಿಲ್ಲ. ಗಾಡಿಯ ಮುಂದೆ ನಿಂತಾಗ ಈಗ ಕೈಗೆ ಯಾವ ಸ್ಪ್ಯಾನರ್ ತೆಗೆದುಕೊಳ್ಳಬೇಕು ಎಂಬುದು ನಿಮಗೆ ಗೊತ್ತಿರುವುದಿಲ್ಲ, ತೊಂದರೆ ಇರುವುದು ಅಲ್ಲಿ. ಹ್ಯಾಂಡಲ್ ತೀರ್ಮಾನವಾಗದೆ ಕೇಬಲ್‌ಗಳ ಉದ್ದ ತಿಳಿಯುವುದಿಲ್ಲ. ಟ್ಯಾಂಕ್ ತೀರ್ಮಾನವಾಗದೆ ಸೀಟು ಆಗುವುದಿಲ್ಲ. ಸೈಲೆನ್ಸರ್ ಯಾವುದೆಂದು ಗೊತ್ತಾಗದೆ ಫುಟ್‌ರೆಸ್ಟ್ ಕೂರುವುದಿಲ್ಲ. ಒಂದು ಕೆಲಸ ಹಿಡಿಯಲು ಹೋದರೆ ಅದು ಇನ್ನೊಂದಕ್ಕೆ ಕಾಯುತ್ತಿದೆ, ಆ ಇನ್ನೊಂದು ನಿಮ್ಮ ನಿರ್ಧಾರಕ್ಕೆ ಕಾಯುತ್ತಿದೆ. ಇಂಥ ಗೋಜಲಿನೆದುರು ಯಾರೇ ನಿಂತರೂ ಮನಸ್ಸು ಹಿಂದೆ ಸರಿಯುತ್ತದೆ. ಅರ್ಧಕ್ಕೆ ನಿಂತ ಗಾಡಿಗಳನ್ನು ಮತ್ತೆ ಹೊರಡಿಸುವುದು ನನ್ನ ಕೆಲಸದ ಒಂದು ಭಾಗ. ಅವುಗಳಲ್ಲಿ ಹೆಚ್ಚಿನವು ಹಣವಿಲ್ಲದೆ ನಿಂತವಲ್ಲ, ತೀರ್ಮಾನವಾಗದೆ ನಿಂತವು.

ಬಿಚ್ಚುವ ಕಾಲದ ಹುರುಪಿಗೆ ಕಾರಣವೂ ಇದೇ. ಆಗ ಮುಂದಿನ ಕೆಲಸ ಯಾವುದೆಂದು ಗಾಡಿಯೇ ಹೇಳುತ್ತಿತ್ತು. ಸೀಟು ತೆಗೆದರೆ ಟ್ಯಾಂಕಿನ ಬೋಲ್ಟು ಕಾಣುತ್ತದೆ, ಟ್ಯಾಂಕ್ ತೆಗೆದರೆ ಹೆಡ್ ಕಾಣುತ್ತದೆ. ಒಂದು ವಾರಾಂತ್ಯಕ್ಕೇ ಮನೆ ತುಂಬ ಭಾಗಗಳು. ಜೋಡಿಸುವಾಗ ಗಾಡಿ ಏನನ್ನೂ ಹೇಳುವುದಿಲ್ಲ. ಮುಂದಿನ ಹೆಜ್ಜೆಯನ್ನು ನೀವೇ ಮೊದಲು ಯೋಚಿಸಿ ಇಟ್ಟಿರಬೇಕು.

ಆದ್ದರಿಂದ ಈ ವಾರ ಪೋರ್ಟಿಕೊಗೆ ಹೋಗಬೇಡಿ. ಒಳಗೆ ಮೇಜಿನ ಮುಂದೆ ಕುಳಿತು ಒಂದೇ ಹಾಳೆಯಲ್ಲಿ ಗಾಡಿ ಹೇಗಿರಬೇಕೆಂದು ಬರೆಯಿರಿ: ಹ್ಯಾಂಡಲ್, ಟ್ಯಾಂಕ್, ಸೀಟು, ಟೈರು, ಸೈಲೆನ್ಸರ್, ಬಣ್ಣ. ಒಂದೊಂದಕ್ಕೆ ಒಂದೇ ಉತ್ತರ. ‘ನೋಡೋಣ’ ಎಂಬ ಮಾತಿಗೆ ಆ ಹಾಳೆಯಲ್ಲಿ ಜಾಗ ಇರಬಾರದು. ಹಳೆಯ ಟ್ಯಾಂಕನ್ನೇ ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ. ಆ ಟ್ಯಾಂಕಿನ ಆಕಾರವೇ ಬುಲೆಟ್‌ನ ಮುಖ. ಬೇರೆ ಟ್ಯಾಂಕ್ ತಂದರೆ ಅದರ ಕ್ಲ್ಯಾಂಪು, ಪೆಟ್ರೋಲ್ ಕಾಕ್, ಸೀಟಿನ ಅಂಚು ಎಲ್ಲವೂ ಹೊಸ ಕೆಲಸಗಳಾಗುತ್ತವೆ. ಹಾಳೆ ಮುಗಿದ ಮೇಲೆ ಅದನ್ನು ಗೋಡೆಗೆ ಅಂಟಿಸಿ. ಗಾಡಿ ರಸ್ತೆಗಿಳಿಯುವವರೆಗೆ ಅದನ್ನು ತಿದ್ದುವಂತಿಲ್ಲ. ಹೊಸ ಆಲೋಚನೆ ಬಂದರೆ ‘ಮುಂದಿನ ಸಲ’ ಎಂದು ಇನ್ನೊಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ.

ಈ ಹಾಳೆ ಬರೆಯುವಾಗ ಕಾನೂನನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಪೊಲೀಸರು ಹಿಡಿದರೆ ಎಂಬ ಅಳುಕು ಕೂಡ ಎಷ್ಟೋ ಗಾಡಿಗಳನ್ನು ಒಳಗೊಳಗೇ ನಿಲ್ಲಿಸಿಬಿಡುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಹಾಗಾಗಿ ಚಾಸಿ ಕತ್ತರಿಸುವ ಯೋಚನೆ ಬೇಡ, ಬೇರೆ ಎಂಜಿನ್ ಬೇಡ, ಕಿವಿಗಡಚಿಕ್ಕುವ ಸೈಲೆನ್ಸರ್ ಬೇಡ. ಬಣ್ಣ ಬೇರೆಯಾದರೆ ಆರ್‌ಟಿಒದಲ್ಲಿ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ಸೀಟು, ಹ್ಯಾಂಡಲ್, ಮಡ್‌ಗಾರ್ಡ್‌ಗಳನ್ನು ಬೋಲ್ಟಿನಿಂದಲೇ ಕೂರಿಸಿ, ಬೇಕೆಂದಾಗ ಮೂಲ ರೂಪಕ್ಕೆ ಮರಳಿಸುವಂತಿರಬೇಕು. ಆದರೂ ಏನು ಒಪ್ಪಿತ, ಏನು ಅಲ್ಲ ಎಂದು ನಿಮ್ಮ ಆರ್‌ಟಿಒದಲ್ಲಿ ಮೊದಲೇ ಕೇಳಿ ತಿಳಿದುಕೊಂಡರೆ ನೆಮ್ಮದಿ.

ನಿಮ್ಮ ವಿಷಯದಲ್ಲಿ ಇದು ಇನ್ನೊಂದು ಗಂಟನ್ನೂ ಬಿಡಿಸುತ್ತದೆ. ಭಾಗಗಳನ್ನು ಹೊಂದಿಸಿ ನೋಡುವ ಮೊದಲೇ ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದೀರಿ. ಇನ್ನು ಹೊಸ ಬ್ರ್ಯಾಕೆಟ್ ಬೆಸುಗೆ ಹಾಕಿಸಿದರೆ ಕೋಟಿಂಗ್ ಸುಟ್ಟುಹೋಗುತ್ತದೆ ಎಂಬ ಭಯ ನಿಮ್ಮನ್ನು ಕಟ್ಟಿಹಾಕಿರಬಹುದು. ಬೆಸುಗೆಯೇ ಬೇಡ ಎಂದು ತೀರ್ಮಾನಿಸಿದರೆ ಆ ಭಯ ಇವತ್ತಿಗೆ ಮುಗಿಯಿತು. ಇದೊಂದಕ್ಕೆ ಮಾತ್ರ ಈಗಲೇ ಪೋರ್ಟಿಕೊಗೆ ಹೋಗಿ, ಒಂದು ಟಾರ್ಚ್ ಹಿಡಿದು ಚಾಸಿ ನಂಬರು ಓದಲು ಬರುತ್ತದೆಯೇ ನೋಡಿ. ಸ್ಯಾಂಡ್ ಬ್ಲಾಸ್ಟಿಂಗ್ ಆ ಅಕ್ಷರಗಳನ್ನು ಸವೆಸುತ್ತದೆ, ಮೇಲೆ ದಪ್ಪ ಕೋಟಿಂಗ್ ಅವುಗಳನ್ನು ಮುಚ್ಚುತ್ತದೆ. ಕೋಟಿಂಗ್ ಮುಚ್ಚಿದ್ದರೆ ಅಷ್ಟು ಜಾಗಕ್ಕೆ ಮಾತ್ರ ಪೇಂಟ್ ತೆಗೆಯುವ ದ್ರಾವಣ ಹಚ್ಚಿ ಬಿಡಿಸಿ. ಅಲ್ಲಿ ಗ್ರೈಂಡರ್ ತಾಗಿಸಬೇಡಿ. ಆರ್‌ಟಿಒ ತಪಾಸಣೆಯಲ್ಲಿ ಮೊದಲು ನೋಡುವುದೇ ಈ ನಂಬರನ್ನು. 1994ರಲ್ಲಿ ನೋಂದಣಿಯಾದ ಗಾಡಿಯ ಆರ್‌ಸಿ 2009ಕ್ಕೆ ಮುಗಿದು, ಅಲ್ಲಿಂದ ಐದೈದು ವರ್ಷಕ್ಕೆ ನವೀಕರಣವಾಗುತ್ತ 2024ರಲ್ಲಿ ಮತ್ತೊಂದು ಸುತ್ತು ಬಂದಿತ್ತು. ಆ ಸುತ್ತು ತಪ್ಪಿದ್ದರೆ ಗಾಡಿಯನ್ನು ಇಡಿಯಾಗಿ ಅಲ್ಲಿಗೆ ಒಯ್ದು ತೋರಿಸಬೇಕಾಗುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಹಾಳೆ ಸಿದ್ಧವಾಯಿತು ಎಂದುಕೊಳ್ಳೋಣ. ಮೊದಲು ಎಂಜಿನ್ ಮುಗಿಸಿಬಿಡೋಣ ಎಂದು ನಿಮಗೆ ಅನ್ನಿಸುತ್ತದೆ. ಬೇಡ. ಮೊದಲು ಗಾಡಿಯನ್ನು ಅದರ ಚಕ್ರಗಳ ಮೇಲೆ ನಿಲ್ಲಿಸಿ. ಹಳೆಯ ಬುಲೆಟ್‌ನ ಚಾಸಿಯಲ್ಲಿ ಎಂಜಿನ್ನಿನ ಕೆಳಗೆ ಪೈಪುಗಳಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ಪ್ಲೇಟುಗಳ ಮೂಲಕ ಚಾಸಿಗೆ ಬಿಗಿದುಕೊಂಡು ತಾವೇ ಅದರ ಭಾಗವಾಗಿ ನಿಲ್ಲುತ್ತವೆ. ಕ್ರ್ಯಾಂಕ್ ಲೇತ್ ಅಂಗಡಿಯಲ್ಲಿದ್ದರೇನು, ಅದರ ಹೊರಕವಚವಾದ ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳು ಮನೆಯಲ್ಲೇ ಇವೆಯಲ್ಲ? ಅವುಗಳನ್ನು ಖಾಲಿಯಾಗಿಯೇ ಜೋಡಿಸಿ ಚಾಸಿಗೆ ಬಿಗಿಯಿರಿ. ಗೇರ್‌ಬಾಕ್ಸನ್ನು ಹಿಂದೆ ಕೂರಿಸಿ. ಫೋರ್ಕು, ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮ್, ಎರಡು 19 ಇಂಚಿನ ಚಕ್ರ. ಖಾಲಿ ಸಿಲಿಂಡರನ್ನೂ ಹೆಡ್ಡನ್ನೂ ಮೇಲಿಟ್ಟು, ಬಣ್ಣ ಕಾಣದ ಟ್ಯಾಂಕನ್ನು ಕೂರಿಸಿ, ಸೀಟಿನ ಜಾಗಕ್ಕೆ ಒಂದು ಹಲಗೆ ಕಟ್ಟಿ. ಇದಕ್ಕೆ ಹೆಚ್ಚು ಖರ್ಚಿಲ್ಲ. ಎಲ್ಲವನ್ನೂ ಮತ್ತೆ ಬಿಚ್ಚಬೇಕಾಗುತ್ತದೆ, ನಿಜ. ಆದರೆ ಅಂದು ಸಂಜೆ ನೀವು ಆ ಹಲಗೆಯ ಮೇಲೆ ಕುಳಿತು ಹ್ಯಾಂಡಲ್ ಹಿಡಿದು ನೋಡಬಹುದು. ಮೊಣಕಾಲು ಟ್ಯಾಂಕಿಗೆ ಎಲ್ಲಿ ತಾಗುತ್ತದೆ, ಹ್ಯಾಂಡಲ್ ತಿರುಗಿಸಿದಾಗ ಟ್ಯಾಂಕಿಗೆ ಬಡಿಯುತ್ತದೆಯೇ, ಗಟ್ಟೆಯ ಟೈರು ಚೈನಿಗೆ ಉಜ್ಜುತ್ತದೆಯೇ ಎಂಬುದೆಲ್ಲ ಆಗಲೇ ತಿಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಮನೆಯವರ ಕಣ್ಣಿಗೂ ನಿಮ್ಮ ಕಣ್ಣಿಗೂ ಅಲ್ಲಿ ಮೊದಲ ಬಾರಿಗೆ ಒಂದು ಮೋಟಾರ್‌ಸೈಕಲ್ ಕಾಣುತ್ತದೆ. ತಳ್ಳಿದರೆ ಪಕ್ಕಕ್ಕೆ ಸರಿಯುತ್ತದೆ, ಪೋರ್ಟಿಕೊ ಗುಡಿಸಲು ಬರುತ್ತದೆ. ಸರಿಸಲಾಗದೆ ಬಿದ್ದ ಗಾಡಿಯ ಮೇಲೆ ಮನೆಯವರಿಗೆ ಬರುವ ಸಿಟ್ಟು ನ್ಯಾಯವಾದದ್ದೇ.

ಅಲ್ಲಿಂದ ಮುಂದಿನ ಕೆಲಸಗಳ ಸರದಿಯನ್ನು ಗಾಡಿ ನಿಮಗೆ ಏನಾದರೂ ಉತ್ತರ ಕೊಡುವಂತೆ ಹೊಂದಿಸಿಕೊಳ್ಳಿ. ಎಂಜಿನ್ ಸಿದ್ಧವಾಗಲಿ, ಆಮೇಲೆ ವೈರಿಂಗ್ ಎನ್ನುವವರೇ ಹೆಚ್ಚು. ನಾನು ವೈರಿಂಗನ್ನು ಮುಂದಕ್ಕೆ ತರುತ್ತೇನೆ. ಆ ಕಾಲದ ಬುಲೆಟ್‌ನ ವೈರಿಂಗ್‌ನಲ್ಲಿ ಹೆದರುವಂಥದ್ದೇನಿಲ್ಲ, ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಒಂದು ರಾತ್ರಿ ಬ್ಯಾಟರಿಯಿಂದ ಫ್ಯೂಸಿಗೆ, ಫ್ಯೂಸಿನಿಂದ ಆಮ್‌ಮೀಟರಿಗೆ (ಕರೆಂಟು ಅಳೆಯುವ ಮೀಟರು), ಅಲ್ಲಿಂದ ಕೀಗೆ ಬರುವ ತಂತಿಯನ್ನಷ್ಟೇ ಎಳೆಯಿರಿ. ಮರುದಿನ ಹಾರ್ನ್. ಹಾರ್ನ್ ಬಟನ್ ಒತ್ತಿದಾಗ ಹೆಡ್‌ಲೈಟಿನ ಮೇಲಿನ ಆಮ್‌ಮೀಟರಿನ ಪುಟ್ಟ ಮುಳ್ಳು ಮೈನಸ್ ಕಡೆಗೆ ಹೊರಳುತ್ತದೆ, ಹಾರ್ನ್ ಕೂಗುತ್ತದೆ. ಎರಡು ವರ್ಷ ಸದ್ದಿಲ್ಲದೆ ಬಿದ್ದಿದ್ದ ಗಾಡಿ ಕೂಗಿದಾಗ ಒಳಗಿನಿಂದ ಮಕ್ಕಳು ಓಡಿಬರುತ್ತಾರೆ. ಆಮೇಲೆ ಬ್ರೇಕ್ ಲೈಟ್, ಆಮೇಲೆ ಹೆಡ್‌ಲೈಟ್. ಹೀಗೆ ವಾರಕ್ಕೊಂದು ಸಲವಾದರೂ ಕಣ್ಣಿಗೋ ಕಿವಿಗೋ ಏನಾದರೂ ಸಿಗುವಂತಿರಲಿ.

ಪ್ರತಿ ಸಲ ಕೆಲಸ ನಿಲ್ಲಿಸುವ ಮುನ್ನ, ಕೈ ತೊಳೆಯುವ ಮೊದಲು, ಮುಂದಿನ ಸಲದ ಕೆಲಸವನ್ನು ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲಿಗೆ ಅಂಟಿಸಿ. ಈ ಇಡೀ ಉತ್ತರದಲ್ಲಿ ಒಂದನ್ನೇ ಪಾಲಿಸುತ್ತೇನೆ ಎಂದರೆ ಇದನ್ನು ಪಾಲಿಸಿ. ‘ಎಂಜಿನ್ ಕೆಲಸ’ ಎಂದು ಬರೆದರೆ ಆಗದು. ‘ಕಾರ್ಬುರೇಟರ್ ಬಿಚ್ಚಿ ಮೇನ್ ಜೆಟ್, ಪೈಲಟ್ ಜೆಟ್ ತೊಳೆದು ಗಾಳಿ ಊದುವುದು, ಫ್ಲೋಟ್ ಅಲ್ಲಾಡಿಸಿ ಒಳಗೆ ಪೆಟ್ರೋಲ್ ಸೇರಿದೆಯೇ ನೋಡುವುದು’ ಎಂದು ಬರೆಯಿರಿ. ಅದು ಒಂದು ಸಂಜೆಯ ಕೆಲಸ. ಅದಕ್ಕೆ ಬೇಕಾದ ಸ್ಕ್ರೂಡ್ರೈವರನ್ನು ಚೀಟಿಯ ಪಕ್ಕದಲ್ಲೇ ಇಡಿ. ಕಚೇರಿಯಿಂದ ದಣಿದು ಬಂದವನಿಗೆ ಯೋಚಿಸುವ ಶಕ್ತಿ ಇರುವುದಿಲ್ಲ, ಕೈಯಾಡಿಸುವ ಶಕ್ತಿ ಇರುತ್ತದೆ. ಯೋಚನೆ ಹಿಂದಿನ ಸಲವೇ ಮುಗಿದಿದ್ದರೆ ಅರ್ಧ ಗಂಟೆಯಲ್ಲೂ ಒಂದು ಕೆಲಸ ಮುಗಿಯುತ್ತದೆ.

ಚೀಟಿಯ ಕೆಲಸಗಳಲ್ಲಿ ಸದ್ದು ಮಾಡುವವನ್ನೂ ಮಾಡದವನ್ನೂ ಬೇರೆ ಮಾಡಿಕೊಳ್ಳಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಗ್ರೈಂಡರ್, ಡ್ರಿಲ್ ಮುಟ್ಟಬಾರದು, ಶಬ್ದ ಮಾಲಿನ್ಯದ ನಿಯಮವೂ ಅದನ್ನೇ ಹೇಳುತ್ತದೆ, ಗೋಡೆಗೆ ಗೋಡೆ ತಾಗಿದ ನಮ್ಮ ಬಡಾವಣೆಗಳ ನೆರೆಹೊರೆಯೂ ಅದನ್ನೇ ಹೇಳುತ್ತದೆ. ಬ್ರೇಕ್ ಶೂ ಉಜ್ಜುವುದು, ಸ್ಪೋಕುಗಳನ್ನು ಒರೆಸುವುದು, ಹಬ್ಬಿನ ಬೇರಿಂಗಿಗೆ ಗ್ರೀಸ್ ತುಂಬುವುದು, ತಂತಿಗಳಿಗೆ ರಕ್ಷಣೆಯ ಕೊಳವೆ (ಸ್ಲೀವ್) ತೊಡಿಸುವುದು ರಾತ್ರಿಯ ಕೆಲಸಗಳು.

ಆ ರಟ್ಟಿನ ಪೆಟ್ಟಿಗೆಗಳನ್ನು ಮಾತ್ರ ಮೊದಲ ರಾತ್ರಿಯೇ ತೆರೆಯಬೇಕು. ಹಳೆಯ ಬುಲೆಟ್‌ನ ನಟ್ಟು, ಬೋಲ್ಟುಗಳಲ್ಲಿ ಬ್ರಿಟಿಷ್ ಅಳತೆಯ ತ್ರೆಡ್‌ಗಳೂ ಮೆಟ್ರಿಕ್ ತ್ರೆಡ್‌ಗಳೂ ಬೆರೆತಿವೆ. ನೋಡಲು ಎರಡೂ ಒಂದೇ ದಪ್ಪ. ಬೇರೆ ಜಾಗದ ಬೋಲ್ಟನ್ನು ಕ್ರ್ಯಾಂಕ್‌ಕೇಸಿಗೆ ಹಾಕಿ ಬಲವಂತವಾಗಿ ತಿರುಗಿಸಿದರೆ ಅಲ್ಯುಮಿನಿಯಮ್ ತ್ರೆಡ್ ಪುಡಿಯಾಗಿ ಹೊರಬರುತ್ತದೆ. ಬೆರಳಲ್ಲಿ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗದ ಬೋಲ್ಟಿಗೆ ಸ್ಪ್ಯಾನರ್ ಹಾಕಬೇಡಿ. ಎಲ್ಲವನ್ನೂ ಹಳೆಯ ಬೆಡ್‌ಶೀಟಿನ ಮೇಲೆ ಸುರಿದು, ಭಾಗಕ್ಕೊಂದು ಜಿಪ್ ಚೀಲ, ಚೀಲದೊಳಗೆ ಹೆಸರು ಬರೆದ ಚೀಟಿ ಹಾಕಿ. ಚೀಲದ ಮೇಲೆ ಬರೆದ ಶಾಯಿ ಎಣ್ಣೆ ತಾಗಿದರೆ ಅಳಿಸಿಹೋಗುತ್ತದೆ. ಇದೇನು ಕೆಲಸವೇ ಅನ್ನಿಸಬಹುದು. ಆದರೆ ಯಾವುದು ಇದೆ, ಯಾವುದು ಇಲ್ಲ ಎಂಬ ಪಟ್ಟಿ ಕೈಗೆ ಬಂದಾಗ ಮನಸ್ಸಿನ ಭಾರ ಅರ್ಧ ಇಳಿಯುತ್ತದೆ. ಆ ಪಟ್ಟಿ ಹಿಡಿದು ಜೆ.ಸಿ. ರಸ್ತೆಗೆ ಹೋದರೆ ಒಂದೇ ಸುತ್ತಿಗೆ ಎಲ್ಲವೂ ಬರುತ್ತದೆ. ಪಟ್ಟಿಯಿಲ್ಲದೆ ಹೋದವರು ಹೊಳೆಯುವ ಕನ್ನಡಿಯೊಂದನ್ನು ಕೊಂಡು, ಬೇಕಾಗಿದ್ದ ಆಯಿಲ್ ಸೀಲನ್ನು ಮರೆತು ಮನೆಗೆ ಬರುತ್ತಾರೆ. ಹೊಸದಾಗಿ ಸಿಗದ ಹಳೆಯ ಭಾಗಗಳಿಗೆ ಶಿವಾಜಿನಗರದ ಗುಜರಿಗಳನ್ನು ನಿಧಾನವಾಗಿ ಸುತ್ತಿ. ಅಲ್ಲಿಗೆ ಹೋಗುವಾಗ ಹಳೆಯ ಭಾಗ ಕೈಯಲ್ಲಿರಲಿ, ಮೊಬೈಲಿನ ಫೋಟೊ ಸಾಲದು.

ಇನ್ನು ನಿಮ್ಮ ಕೈಯಲ್ಲಿಲ್ಲದ ಕೆಲಸಗಳು. ಲೇತ್, ಬೋರಿಂಗ್, ಬಫಿಂಗ್, ಪೇಂಟಿಂಗ್. ‘ನಾಳೆ ಬನ್ನಿ’ ಎಂಬ ಮಾತು ಕೇಳಿ ಕೇಳಿ ಕಂಗೆಟ್ಟವರು ಬಹಳ. ಲೇತ್ ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ. ಪೀಣ್ಯದ ಅಂಗಡಿಗೆ ಒಂದೇ ಬಗೆಯ ನೂರಾರು ಭಾಗಗಳ ಆರ್ಡರ್ ಬಂದಿರುವಾಗ ನಿಮ್ಮ ಒಂದು ಕ್ರ್ಯಾಂಕಿಗಾಗಿ ಯಂತ್ರದ ಸೆಟ್ಟಿಂಗ್ ಬದಲಿಸುವುದು ಅವರಿಗೆ ನಷ್ಟ. ವಾರದ ನಡುವೆ, ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ. ಏನು ಬೇಕೆಂದು ಅಳತೆ ಸಮೇತ ಬರೆದುಕೊಡಿ: ಬಿಗ್ ಎಂಡ್‌ಗೆ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಜಾಗ) ಹಳೆಯ ಬುಶ್ಶೇ ಇರಲೋ, ರೋಲರ್ ಬೇರಿಂಗ್ ಹಾಕಬೇಕೋ, ಟ್ರೂಯಿಂಗ್ (ಕ್ರ್ಯಾಂಕ್ ಓಲಾಡದಂತೆ ನೇರ ಮಾಡುವುದು) ಆದ ಮೇಲೆ ಡಯಲ್ ಗೇಜ್ (ಓಲಾಟ ಅಳೆಯುವ ಉಪಕರಣ) ಹಚ್ಚಿ ತೋರಿಸಬೇಕು ಎಂದು. ಕೂಲಿ ಮಾತಾಡಿ, ಸ್ವಲ್ಪ ಮುಂಗಡ ಕೊಡಿ. ಎರಡು ವರ್ಷದಿಂದ ಅಲ್ಲೇ ಇರುವ ನಿಮ್ಮ ಕ್ರ್ಯಾಂಕನ್ನು ನೋಡಲು ನಾಳೆಯೇ ಹೋಗಿ, ಅದಕ್ಕೆ ಎಣ್ಣೆ ಸವರಿ ಸುತ್ತಿಟ್ಟಿದ್ದಾರೆಯೇ ಕೇಳಿ. ಒಂದು ಭಾಗ ಹೊರಗೆ ಹೋದಾಗ ಮನೆಯಲ್ಲಿ ಮಾಡಲು ಇನ್ನೆರಡು ಕೆಲಸಗಳು ಕಾದಿರಬೇಕು. ಆಗ ಅವರ ‘ನಾಳೆ’ ನಿಮ್ಮನ್ನು ನಿಲ್ಲಿಸುವುದಿಲ್ಲ.

ಆಯುಧಪೂಜೆಗೆ ಗಾಡಿ ಸಿದ್ಧವಾಗಬೇಕು ಎಂದು ಗಡುವು ಹಾಕಿಕೊಳ್ಳುವುದು ನಮ್ಮ ಊರಿನಲ್ಲಿ ವಾಡಿಕೆ. ಭಾವನೆ ಒಳ್ಳೆಯದು, ಗಡುವು ಕೆಟ್ಟದ್ದು. ಬೆಂಗಳೂರಿನಲ್ಲಿ ವರ್ಷದ ಜೋರು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಗಾಳಿಯಲ್ಲಿ ತೇವ ತುಂಬಿರುವಾಗ ಥಿನ್ನರ್ ಬೆರೆಸಿದ ಪೇಂಟ್ ಹೊಡೆದರೆ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ನೀರಿನಂಶ ಕೂರುತ್ತದೆ, ಕಪ್ಪು ಟ್ಯಾಂಕಿನ ಮೇಲೆ ಹಾಲು ಚೆಲ್ಲಿದಂಥ ಮಸುಕು ಉಳಿಯುತ್ತದೆ. ಅದೇ ವಾರಗಳಲ್ಲಿ ಊರಿನ ಎಲ್ಲ ಪೇಂಟರ್‌ಗಳ ಬಳಿಯೂ ಹಬ್ಬದ ಗಾಡಿಗಳ ಸಾಲು. ಅವಸರದ ಪೇಂಟ್, ಅವಸರದ ಜೋಡಣೆ, ಆಮೇಲೆ ತಪ್ಪಿದ ಗಡುವು, ಅದರ ಹಿಂದೆಯೇ ಬೇಸರ. ಪೇಂಟಿಂಗನ್ನು ಜನವರಿಯಿಂದ ಮಾರ್ಚ್ ಒಳಗೆ ಇಟ್ಟುಕೊಳ್ಳಿ. ಮನುಷ್ಯರು ತಮ್ಮ ಕೆಲಸಕ್ಕೆ ಹಿಡಿಯುವ ಸಮಯವನ್ನು ಸಾಮಾನ್ಯವಾಗಿ ಕಡಿಮೆಯೇ ಅಂದಾಜು ಮಾಡುತ್ತಾರೆ ಎಂದು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಬರೆದರು. ಹಿಂದೆ ಇಂಥದೇ ಕೆಲಸಕ್ಕೆ ನಿಜವಾಗಿ ಎಷ್ಟು ಕಾಲ ಹಿಡಿಯಿತು ಎಂದು ನೋಡುವುದೇ ಇದಕ್ಕೆ ಮದ್ದು. ನಿಮ್ಮ ಪೌಡರ್ ಕೋಟಿಂಗಿಗೆ ಕೊಟ್ಟ ದಿನದಿಂದ ತಂದ ದಿನದವರೆಗೆ ಎಷ್ಟು ವಾರ ಹಿಡಿಯಿತು? ಪೇಂಟಿಗೂ ಕನಿಷ್ಠ ಅಷ್ಟು ಇಟ್ಟುಕೊಳ್ಳಿ. ಇಡೀ ಗಾಡಿಗೆ ದಿನಾಂಕ ಬೇಡ, ಒಂದೊಂದು ಹಂತಕ್ಕೆ ಇರಲಿ.

ಹಣದ ಬಗ್ಗೆ ನಿಮ್ಮ ಪತ್ರದಲ್ಲಿ ಮಾತಿಲ್ಲ, ಆದರೂ ಹೇಳುತ್ತೇನೆ. ತಿಂಗಳಿಗೆ ಇಷ್ಟು ಎಂದು ಮನೆಯಲ್ಲಿ ಮಾತಾಡಿ ಗೊತ್ತುಮಾಡಿಕೊಳ್ಳಿ, ಮಾತಾಡಿದ ಮೇಲೆ ಮುಚ್ಚಿಟ್ಟು ಖರ್ಚು ಮಾಡಬೇಡಿ. ಗಾಡಿಗೆ ಎಷ್ಟು ಜಾಗ ಎಂಬುದನ್ನೂ ಸುಣ್ಣದ ಗೆರೆ ಎಳೆದು ತೋರಿಸಿ. ಮನೆಯವರ ಅಸಮಾಧಾನದ ನಡುವೆ ಯಾರಿಗೂ ಹುರುಪು ಉಳಿಯುವುದಿಲ್ಲ.

ಮೊಬೈಲಿನಲ್ಲಿ ಬೇರೆಯವರ ಗಾಡಿಗಳನ್ನು ನೋಡುವುದನ್ನು ಕಡಿಮೆ ಮಾಡಿ. ಹತ್ತು ನಿಮಿಷದ ವಿಡಿಯೊದಲ್ಲಿ ಗಾಡಿ ಮುಗಿಸಿದವರು ಕಾದ ತಿಂಗಳುಗಳನ್ನು ತೋರಿಸುವುದಿಲ್ಲ. ಬದಲಿಗೆ ಸವಾರಿ ಮಾಡಿ. ನಿಮ್ಮಲ್ಲಿ ಓಡುವ ಇನ್ನೊಂದು ಗಾಡಿ ಇಲ್ಲದಿದ್ದರೆ ಗೆಳೆಯರದನ್ನು ಕೇಳಿ, ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ಕಡೆಗೆ ಒಮ್ಮೆ ಹೋಗಿಬನ್ನಿ. ಗಾಡಿ ಕಟ್ಟುವುದು ಓಡಿಸುವುದಕ್ಕಾಗಿಯೇ ಎಂಬುದನ್ನು ದೇಹಕ್ಕೆ ಆಗಾಗ ನೆನಪಿಸಬೇಕು.

ನಡುವೆ ನಿಜವಾಗಿಯೂ ಬಿಡುವು ಬೇಕಾಗಬಹುದು. ಮಗುವಿನ ಪರೀಕ್ಷೆ, ಮನೆಯಲ್ಲಿ ಕಾಯಿಲೆ, ಕಚೇರಿಯ ಒತ್ತಡ. ಅಪರಾಧಿ ಭಾವ ಬೇಡ, ಬಿಡುವು ತೆಗೆದುಕೊಳ್ಳಿ, ಆದರೆ ಹೇಳಿ ತೆಗೆದುಕೊಳ್ಳಿ: ‘ಇಂಥ ದಿನದವರೆಗೆ ಮುಟ್ಟುವುದಿಲ್ಲ’ ಎಂದು ಆ ಚೀಟಿಯಲ್ಲೇ ಬರೆಯಿರಿ. ಬಿಡುವಿಗೆ ಹೋಗುವ ಮುನ್ನ ಗಾಡಿಯನ್ನೂ ಸಿದ್ಧಪಡಿಸಿ. ಸಿಲಿಂಡರಿನ ಒಳಗೋಡೆ ಎರಕದ ಕಬ್ಬಿಣ, ಒಂದು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ, ಎಣ್ಣೆ ಸವರಿ ಪ್ಲಾಸ್ಟಿಕ್ ಸುತ್ತಿಡಿ. ಟ್ಯಾಂಕಿನಲ್ಲೂ ಕಾರ್ಬುರೇಟರಿನಲ್ಲೂ ಪೆಟ್ರೋಲ್ ಬಿಡಬೇಡಿ, ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಗಾಳಿಯ ತೇವವನ್ನು ಹೀರಿಕೊಂಡು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಮರಳಿ ಬಂದಾಗ ತುಕ್ಕು ಕಂಡರೆ ಇರುವ ಉತ್ಸಾಹವೂ ಹೋಗುತ್ತದೆ.

ಕೊನೆಯದಾಗಿ, ಮಾರಬೇಕೇ ಎಂದು ಕೇಳಿದ್ದೀರಿ. ಈಗ ತೀರ್ಮಾನಿಸಬೇಡಿ. ಹಾಳೆ ಬರೆದು, ಪೆಟ್ಟಿಗೆ ವಿಂಗಡಿಸಿ, ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿದ ಮೇಲೆ ಯೋಚಿಸಿ. ಇಷ್ಟಕ್ಕೆ ಕೆಲವು ವಾರ ಸಾಕು. ಆ ಹಲಗೆಯ ಮೇಲೆ ಕುಳಿತಾಗಲೂ ಮನಸ್ಸು ಏಳದಿದ್ದರೆ ಮಾರುವುದರಲ್ಲಿ ತಪ್ಪೇನೂ ಇಲ್ಲ, ಎಲ್ಲರೂ ಎಲ್ಲವನ್ನೂ ಮುಗಿಸಲೇಬೇಕೆಂಬ ಕಟ್ಟಳೆ ಇಲ್ಲ. ಮಾರಿದರೂ ಬಿಡಿಬಿಡಿಯಾಗಿ ಮಾರಬೇಡಿ. ಹಾಗೆ ಮಾರಿದರೆ ಮೊದಲು ಹೋಗುವುದು ಟ್ಯಾಂಕ್ ಮತ್ತು ಹೆಡ್, ಉಳಿಯುವುದು ಯಾರಿಗೂ ಬೇಡದ ಚಾಸಿ ಮತ್ತು ನಿಮ್ಮ ಹೆಸರಿನ ಆರ್‌ಸಿ. ಆ ಚಾಸಿ ಎಲ್ಲಿ ಸೇರಿತು, ಅದರ ನಂಬರನ್ನು ಯಾರು ಯಾವ ಗಾಡಿಗೆ ಬಳಸಿದರು ಎಂಬುದಕ್ಕೆ ದಾಖಲೆಯಲ್ಲಿ ಉತ್ತರ ಕೊಡಬೇಕಾದವರು ನೀವೇ. ಚಕ್ರದ ಮೇಲೆ ನಿಂತ, ಚೀಲಗಳಿಗೆ ಹೆಸರು ಅಂಟಿಸಿದ, ಊರ್ಜಿತವಾದ ಆರ್‌ಸಿ ಇರುವ ಗಾಡಿಯನ್ನು ಇಡಿಯಾಗಿ ಕೊಂಡು ಮುಗಿಸುವವರು ಈ ಊರಿನಲ್ಲಿ ಸಿಗುತ್ತಾರೆ. ಕೈ ಬದಲಾಗುವ ದಿನವೇ ಮಾಲೀಕತ್ವ ವರ್ಗಾವಣೆಯ ಅರ್ಜಿಗೆ ಇಬ್ಬರೂ ಸಹಿ ಹಾಕಿ, ಕೊಳ್ಳುವವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ.